ನಗರದ ನಡುಭಾಗ ಮತ್ತು ಕರಾರಿನ ಅನುಬಂಧ

ಪ್ರಶ್ನೆ: ನಗರದ ಹಳೆಯ ನಡುಭಾಗದಲ್ಲಿ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ. ಸಂಜೆಯಾದರೆ ಜನ ಸುಳಿಯುವುದಿಲ್ಲ, ಪಾಲಿಕೆಯ ಬಳಿ ಹಣವಿಲ್ಲ. ಖಾಸಗಿ ಕಂಪನಿಯ ಸಹಭಾಗಿತ್ವದಲ್ಲಿ ಅದನ್ನು ಮತ್ತೆ ಬೆಳಗಿಸುತ್ತೇವೆ ಎಂಬ ಪ್ರಸ್ತಾವ ಬಂದಾಗ ನಾಗರಿಕರು ಸಂತೋಷಪಡಬೇಕೇ, ಭಯಪಡಬೇಕೇ?

ಉತ್ತರ: ಎರಡಕ್ಕೂ ಮೊದಲು ಕರಾರುಪತ್ರವನ್ನು ಕೇಳಿ ಪಡೆದುಕೊಳ್ಳಿ. ಅನುಬಂಧಗಳನ್ನೂ ಬಿಡದೆ ಕೇಳಿ.

ನಾನು ಯೋಜನಾ ವಿಭಾಗದಲ್ಲಿದ್ದ ವರ್ಷಗಳಲ್ಲಿ ಇಂಥ ಕಡತಗಳು ಎಷ್ಟೋ ನನ್ನ ಮೇಜಿನ ಮೇಲೆ ಹಾದುಹೋಗಿವೆ. ಅವುಗಳಲ್ಲಿ ಒಂದು ಇಂದಿಗೂ ನನ್ನನ್ನು ಕಾಡುತ್ತದೆ. ಮುಖಪುಟದಲ್ಲಿ ಬಣ್ಣದ ಚಿತ್ರವಿತ್ತು: ಕಟ್ಟಡಗಳ ನಡುವೆ ಒಂದು ಚೌಕ, ಮರಗಳು, ಓಡಾಡುವ ಮಕ್ಕಳು. ನಕ್ಷೆಯಲ್ಲಿ ಆ ಚೌಕಕ್ಕೆ ಹಸಿರು ಬಳಿದು ‘ಸಾರ್ವಜನಿಕ ಬಳಕೆಗೆ’ ಎಂದು ಬರೆದಿದ್ದರು. ನಾಲ್ಕನೆಯ ಅನುಬಂಧದಲ್ಲಿ, ಕಸದ ತೊಟ್ಟಿಗಳ ಅಳತೆ ಕೊಟ್ಟಿದ್ದ ಪುಟದ ಅಡಿಯಲ್ಲಿ, ಇನ್ನೊಂದು ಸಾಲಿತ್ತು: ಚೌಕವನ್ನು ತೆರೆಯುವ ಮತ್ತು ಮುಚ್ಚುವ ವೇಳೆಯನ್ನು ನಿರ್ವಾಹಕರ ವಿವೇಚನೆಗೆ ಬಿಡಲಾಗಿದೆ. ನಾನು ಆ ಪುಟವನ್ನು ತಿರುವಿ ಹಾಕಿದ್ದೆ, ಓದಿರಲಿಲ್ಲ. ಕಾಮಗಾರಿ ಮುಗಿದು ಒಂದು ವರ್ಷವಾದ ಮೇಲೆ ಒಂದು ಸಂಜೆ ಆರೂವರೆಗೆ ಅಲ್ಲಿಗೆ ಹೋದೆ. ಗೇಟಿಗೆ ಬೀಗ ಬಿದ್ದಿತ್ತು. ಒಳಗೆ ದೀಪಗಳೆಲ್ಲ ಉರಿಯುತ್ತಿದ್ದವು, ಕಲ್ಲುಬೆಂಚುಗಳು ಖಾಲಿಯಿದ್ದವು. ಬಸ್ಸಿಗೆ ಕಾಯುತ್ತಿದ್ದವರು ಹೊರಗೆ ಕಬ್ಬಿಣದ ಸರಳುಗಳಿಗೆ ಒರಗಿ ನಿಂತಿದ್ದರು. ಅಂದಿನಿಂದ ಯಾವ ಕರಾರನ್ನೇ ಆಗಲಿ ನಾನು ಹಿಂದಿನಿಂದ ಮುಂದಕ್ಕೆ ಓದುತ್ತೇನೆ.

ಹಾಗೆಂದು ಖಾಸಗಿಯವರು ಕಾಲಿಟ್ಟಲ್ಲೆಲ್ಲ ಗೇಟಿಗೆ ಬೀಗ ಬೀಳುತ್ತದೆ ಎಂದರೆ ಅದು ಅನ್ಯಾಯದ ಮಾತಾಗುತ್ತದೆ. ನ್ಯೂಯಾರ್ಕಿನ ಬ್ರಯಂಟ್ ಪಾರ್ಕ್ ನೋಡಿ. ನಗರದ ದೊಡ್ಡ ಗ್ರಂಥಾಲಯದ ಹಿಂದಿರುವ ಈ ಉದ್ಯಾನ 1970ರ ದಶಕದಲ್ಲಿ ಮಾದಕವಸ್ತು ಮಾರುವವರ ಠಾವಾಗಿತ್ತು. ಅದನ್ನು ಸರಿಪಡಿಸಲು 1980ರಲ್ಲಿ ಲಾಭದ ಉದ್ದೇಶವಿಲ್ಲದ ಖಾಸಗಿ ಸಂಸ್ಥೆಯೊಂದು ಹುಟ್ಟಿಕೊಂಡಿತು. ನಗರಗಳಲ್ಲಿ ಜನ ಎಲ್ಲಿ ಕೂರುತ್ತಾರೆ, ಎಲ್ಲಿ ಕೂರುವುದಿಲ್ಲ ಎಂಬುದನ್ನು ವರ್ಷಗಟ್ಟಲೆ ಗಮನಿಸಿದ್ದ ವಿಲಿಯಂ ವೈಟ್ ಅವರ ಸಲಹೆಯನ್ನೂ ಅದು ಪಡೆಯಿತು. ಉದ್ಯಾನ ರಸ್ತೆಗಿಂತ ಎತ್ತರದಲ್ಲಿತ್ತು, ಸುತ್ತ ಬೇಲಿಗಿಡಗಳು ಬೆಳೆದಿದ್ದವು. ಒಳಗೆ ಏನು ನಡೆಯುತ್ತಿದೆ ಎಂಬುದು ದಾರಿಹೋಕರ ಕಣ್ಣಿಗೆ ಬೀಳುತ್ತಿರಲಿಲ್ಲ. ಕಾಣದ ಜಾಗಕ್ಕೆ ಜನ ಹೋಗುವುದಿಲ್ಲ ಎಂಬುದು ವೈಟ್ ಅವರ ನಿಲುವು. ಬೇಲಿಗಿಡಗಳನ್ನು ತೆಗೆದರು, ಪ್ರವೇಶದ್ವಾರಗಳನ್ನು ಹೆಚ್ಚಿಸಿದರು, 1992ರಲ್ಲಿ ಉದ್ಯಾನವನ್ನು ಮತ್ತೆ ತೆರೆದರು. ನೆಲಕ್ಕೆ ಬಿಗಿಯದ ಹಗುರ ಕುರ್ಚಿಗಳನ್ನು ಇಟ್ಟರು. ಬೇಕಾದವರು ಬಿಸಿಲಿಗೆ ಎಳೆದುಕೊಳ್ಳಬಹುದು, ಬೇಡವೆಂದರೆ ನೆರಳಿಗೆ. ಕುರ್ಚಿಯನ್ನು ತಾನೇ ಅರ್ಧ ಅಡಿ ಸರಿಸಿಕೊಂಡು ಕೂತವನಿಗೆ ಆ ಜಾಗ ತನ್ನದು ಅನ್ನಿಸುತ್ತದೆ. ಇಡೀ ಯೋಜನೆಯಲ್ಲಿ ನನಗೆ ಬಹಳ ಪ್ರಿಯವಾದ ಸಂಗತಿ ಇದು. ಇಷ್ಟೆಲ್ಲ ಆದರೂ ಉದ್ಯಾನದ ನೆಲ ನಗರದ್ದಾಗಿಯೇ ಉಳಿದಿದೆ. ಸಂಸ್ಥೆಗೆ ಸಿಕ್ಕಿರುವುದು ನಿರ್ವಹಣೆ ಮಾತ್ರ.

ಇನ್ನು ಶಿಕಾಗೋ. ಅದರ ನಡುಭಾಗ ಪಾಳುಬಿದ್ದಿರಲಿಲ್ಲ ನಿಜ, ಆದರೆ ಕರಾರಿನ ವಿಷಯದಲ್ಲಿ ಅಷ್ಟು ದೊಡ್ಡ ಪಾಠ ಬೇರೆಲ್ಲೂ ಸಿಗದು. 2008ರ ಡಿಸೆಂಬರಿನಲ್ಲಿ ಅಲ್ಲಿನ ನಗರ ಮಂಡಳಿ ವಾಹನ ನಿಲ್ಲಿಸುವವರಿಂದ ಶುಲ್ಕ ಪಡೆಯುವ ರಸ್ತೆಬದಿಯ ಸುಮಾರು 36,000 ಪಾರ್ಕಿಂಗ್ ಮೀಟರ್‌ಗಳನ್ನು 75 ವರ್ಷಗಳ ಗುತ್ತಿಗೆಗೆ ಕೊಟ್ಟು ಸುಮಾರು 115 ಕೋಟಿ ಡಾಲರ್ ಪಡೆಯಿತು. ಪ್ರಸ್ತಾವ ಹೊರಬಿದ್ದ ಕೆಲವೇ ದಿನಗಳಲ್ಲಿ ಮತದಾನ ಮುಗಿದಿತ್ತು. ಆ ಆದಾಯದ ನಿಜವಾದ ಬೆಲೆಗಿಂತ ಕನಿಷ್ಠ 97.4 ಕೋಟಿ ಡಾಲರ್ ಕಡಿಮೆ ಬಂದಿದೆ ಎಂದು ಮರುವರ್ಷ ನಗರದ ಇನ್‌ಸ್ಪೆಕ್ಟರ್ ಜನರಲ್, ಅಂದರೆ ನಗರಾಡಳಿತದ ಲೋಪಗಳನ್ನು ತನಿಖೆ ಮಾಡುವ ಅಧಿಕಾರಿ, ವರದಿ ಕೊಟ್ಟರು. ಹಣಕ್ಕಿಂತಲೂ ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು ಇನ್ನೊಂದು ಷರತ್ತು. ನಗರವು ಮೀಟರ್ ಇರುವ ಜಾಗಗಳನ್ನು ಕರಾರಿನ ಮಿತಿ ಮೀರಿ ಬಳಕೆಯಿಂದ ತಪ್ಪಿಸಿದರೆ ಗುತ್ತಿಗೆದಾರರಿಗೆ ನಷ್ಟ ತುಂಬಿಕೊಡಬೇಕು. ಎಂದರೆ ಇನ್ನೂ ಹುಟ್ಟದ ಮಕ್ಕಳು ಬೆಳೆದು ತಮ್ಮ ಬೀದಿ ಹೇಗಿರಬೇಕೆಂದು ತೀರ್ಮಾನಿಸುವ ಹೊತ್ತಿಗೂ ಆ ತೀರ್ಮಾನಕ್ಕೆ ದಂಡ ಕಾದಿರುತ್ತದೆ. ಆಸ್ತಿಯನ್ನು ಗುತ್ತಿಗೆಗೆ ಕೊಡಬಹುದು. ನಾಳೆ ಮನಸ್ಸು ಬದಲಿಸುವ ಹಕ್ಕನ್ನು ಕೊಡಲು ಯಾವ ಮಂಡಳಿಗೂ ಅಧಿಕಾರವಿರಬಾರದು.

ಪ್ರಶ್ನೆ: ಸಹಭಾಗಿತ್ವ ಎಂದರೆ ದೊಡ್ಡ ಬಿಲ್ಡರ್ ಬಂದು ಒಡೆದು ಕಟ್ಟುವುದು ಎಂದೇ ಅರ್ಥವೇ? ಸಣ್ಣ ವ್ಯಾಪಾರಿಗಳಿಗೆ ಅದರಲ್ಲಿ ಪಾಲಿಲ್ಲವೇ?

ಉತ್ತರ: ಪಾಲಿದೆ, ಅದಕ್ಕೆ ಐವತ್ತು ವರ್ಷ ದಾಟಿದ ಚರಿತ್ರೆಯೂ ಇದೆ. ಕೆನಡಾದ ಟೊರೊಂಟೊ ನಗರದ ಬ್ಲೂರ್ ವೆಸ್ಟ್ ವಿಲೇಜ್ ಎಂಬ ವ್ಯಾಪಾರಿ ಬೀದಿಗೆ 1960ರ ದಶಕದಲ್ಲಿ ಎರಡು ಕಡೆಯಿಂದ ಪೆಟ್ಟು ಬಿತ್ತು. ಹೊಸ ಮಾಲ್‌ಗಳು ಗಿರಾಕಿಗಳನ್ನು ಸೆಳೆದುಕೊಂಡವು. ಸುರಂಗ ರೈಲು ಬಂದ ಮೇಲೆ ಬೀದಿಯಲ್ಲಿ ಓಡಾಡುತ್ತಿದ್ದವರು ನೆಲದಡಿಯಲ್ಲೇ ಸಾಗಿಹೋದರು. ಬೀದಿಯನ್ನು ಚೆಂದಗೊಳಿಸೋಣ ಎಂದು ಚಂದಾ ಎತ್ತಿದರೆ ಏನಾಗುತ್ತದೆ? ನಾಲ್ವರು ಕೊಡುತ್ತಾರೆ, ಆರು ಜನ ಕೊಡದೆಯೇ ಲಾಭ ಪಡೆಯುತ್ತಾರೆ. ಮರುವರ್ಷ ಆ ನಾಲ್ವರೂ ಕೈ ಹಿಂದೆಗೆಯುತ್ತಾರೆ. ಇದಕ್ಕೆ ಪರಿಹಾರವಾಗಿ ಆ ಬೀದಿಯ ವ್ಯಾಪಾರಿಗಳು 1970ರಲ್ಲಿ ಕಾನೂನಿನ ಬಲ ಪಡೆದರು. ಆ ವಲಯದ ಎಲ್ಲರ ಮೇಲೂ ಸಣ್ಣದೊಂದು ಹೆಚ್ಚುವರಿ ಕರ ಬೀಳುತ್ತದೆ, ನಗರವೇ ಅದನ್ನು ತೆರಿಗೆಯ ಜೊತೆ ವಸೂಲಿ ಮಾಡಿ ವ್ಯಾಪಾರಿಗಳ ಮಂಡಳಿಗೆ ಹಿಂದಿರುಗಿಸುತ್ತದೆ. ದೀಪ, ಬೆಂಚು, ಗಿಡ, ಸ್ವಚ್ಛತೆಗೆ ಆ ಹಣ. ಜಗತ್ತಿನ ಮೊದಲ ವ್ಯಾಪಾರ ಸುಧಾರಣಾ ವಲಯ ಅದು. ಇಂದು ಎಷ್ಟೋ ದೇಶಗಳ ನಗರಗಳಲ್ಲಿ ಅದೇ ಮಾದರಿ ನಡೆಯುತ್ತಿದೆ.

ಒಂದು ಎಚ್ಚರಿಕೆಯ ಮಾತು. ಬೀದಿ ಬೆಳಗಿದಂತೆ ಬಾಡಿಗೆಯೂ ಏರುತ್ತದೆ. ಕಷ್ಟಕಾಲದಲ್ಲಿ ಬೀದಿಯನ್ನು ಬಿಡದೆ ಉಳಿದ ಬಾಡಿಗೆದಾರನೇ ಒಳ್ಳೆಯ ಕಾಲ ಬಂದಾಗ ಮೊದಲು ಹೊರಬೀಳುತ್ತಾನೆ. ಮಂಡಳಿಯಲ್ಲಿ ಕಟ್ಟಡದ ಮಾಲೀಕರಷ್ಟೇ ಕೂರದೆ ಬಾಡಿಗೆದಾರರಿಗೂ ಮತವಿರಬೇಕು. ಇದರಲ್ಲಿ ನಾನು ರಾಜಿಯಾಗಲಾರೆ.

ಪ್ರಶ್ನೆ: ಮನೆಗಳನ್ನು ತೆರವುಗೊಳಿಸಿ ಜಾಗ ಒಟ್ಟುಗೂಡಿಸದಿದ್ದರೆ ಯಾವ ಹೂಡಿಕೆದಾರರೂ ಬರುವುದಿಲ್ಲ ಎನ್ನುತ್ತಾರೆ. ಅದು ನಿಜವೇ?

ಉತ್ತರ: ಅಮೆರಿಕದ ನ್ಯೂ ಲಂಡನ್ ಎಂಬ ಪಟ್ಟಣದಲ್ಲಿಯೂ ಹಾಗೆಯೇ ಹೇಳಿದ್ದರು. ಪಕ್ಕದಲ್ಲಿ ಫೈಜರ್ ಕಂಪನಿಯ ಸಂಶೋಧನಾ ಕೇಂದ್ರ ಬರುತ್ತದೆ, ಅದರ ಸುತ್ತ ಹೋಟೆಲು, ಕಚೇರಿ, ಹೊಸ ಮನೆಗಳಾಗುತ್ತವೆ ಎಂದು ಒಂದು ಇಡೀ ಬಡಾವಣೆಯನ್ನು ಸ್ವಾಧೀನಪಡಿಸಿಕೊಳ್ಳಲು ಹೊರಟರು. ತನ್ನ ಗುಲಾಬಿ ಬಣ್ಣದ ಪುಟ್ಟ ಮನೆಯನ್ನು ಬಿಡಲೊಪ್ಪದ ಸುಸೆಟ್ ಕೆಲೋ ಸುಪ್ರೀಂ ಕೋರ್ಟಿನವರೆಗೂ ಹೋದರು. 2005ರಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಸೋತರು. ಮನೆಗಳು ಹೋದವು. ಹೂಡಿಕೆ ಬರಲಿಲ್ಲ. 2009ರಲ್ಲಿ ಫೈಜರ್ ತಾನೂ ಹೊರಡುವುದಾಗಿ ಪ್ರಕಟಿಸಿತು. ತೆರವಾದ ನೆಲದಲ್ಲಿ ವರ್ಷಾನುಗಟ್ಟಲೆ ಹುಲ್ಲು ಬೆಳೆಯಿತು. ಹೂಡಿಕೆದಾರರ ಹಣ ಬ್ಯಾಂಕಿನಲ್ಲಿ ಬಂದು ಕೂರುವ ಮೊದಲು ಒಂದು ಇಟ್ಟಿಗೆಯನ್ನೂ ಕೀಳಬಾರದು ಎಂಬ ಷರತ್ತು ಇದ್ದಿದ್ದರೆ ಆ ಬೀದಿ ಉಳಿಯುತ್ತಿತ್ತು.

ಪ್ರಶ್ನೆ: ಗುತ್ತಿಗೆಯ ಅವಧಿ ಎಷ್ಟಿರಬೇಕು?

ಉತ್ತರ: ಹಾಕಿದ ಬಂಡವಾಳ ನ್ಯಾಯವಾದ ಲಾಭದೊಡನೆ ಹಿಂದಿರುಗುವಷ್ಟು. ಇಂಗ್ಲೆಂಡಿನ ಲಿವರ್‌ಪೂಲ್ ನಗರ 42 ಎಕರೆ ನಡುಭಾಗವನ್ನು 250 ವರ್ಷಗಳಿಗೆ ಗುತ್ತಿಗೆ ಕೊಟ್ಟಿತು. 2008ರಲ್ಲಿ ತೆರೆದ ಆ ವ್ಯಾಪಾರ ಪ್ರದೇಶಕ್ಕೆ ಜನ ಬರುತ್ತಿದ್ದಾರೆ, ಸುತ್ತಲಿನ ಭಾಗಕ್ಕೂ ಜೀವ ಬಂದಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ 250 ವರ್ಷ ಎಂದರೆ ಹತ್ತು ತಲೆಮಾರು. ಅಮೆರಿಕದ ಬಾಲ್ಟಿಮೋರ್ ಬಂದರಿನ ದಡದಲ್ಲಿ 1980ರಲ್ಲಿ ತೆರೆದ ಹಾರ್ಬರ್‌ಪ್ಲೇಸ್ ಎಂಬ ವ್ಯಾಪಾರ ಸಂಕೀರ್ಣ ಕೂಡ ಲೋಕವೆಲ್ಲ ಕೊಂಡಾಡಿದ ಗೆಲುವೇ. 2019ರಲ್ಲಿ ಅದನ್ನು ನ್ಯಾಯಾಲಯ ನೇಮಿಸಿದ ರಿಸೀವರ್, ಅಂದರೆ ಸಂಕಷ್ಟದಲ್ಲಿರುವ ಆಸ್ತಿಯನ್ನು ನೋಡಿಕೊಳ್ಳುವ ತಾತ್ಕಾಲಿಕ ಉಸ್ತುವಾರಿಯ ವಶಕ್ಕೆ ಒಪ್ಪಿಸಬೇಕಾಯಿತು. ನಡುವೆ ಒಡೆತನ ಕೈ ಬದಲಾಗಿತ್ತು. ಕರಾರಿಗೆ ಸಹಿ ಹಾಕಿದವನು ಕೊನೆಯವರೆಗೂ ಇರುವುದಿಲ್ಲ. ಅವನು ಮಾರಿ ಹೊರಟರೆ ಹೊಸಬನ ಮೇಲೆ ನಿರ್ವಹಣೆಯ ಹೊಣೆ ಹೇಗೆ ಬೀಳುತ್ತದೆ ಎಂಬುದು ಬರಹದಲ್ಲಿರಬೇಕು.

ಪ್ರಶ್ನೆ: ಸಹಿಯಾದ ಕರಾರನ್ನು ಬದಲಿಸಲು ಸಾಧ್ಯವೇ?

ಉತ್ತರ: ಸಾಧ್ಯ, ಬೆಲೆ ತೆತ್ತು. ಮೇಲೆ ಹೇಳಿದ ಚೌಕದ ಬೀಗ ತೆಗೆಸಲು ಪೂರಕ ಕರಾರು ಮಾಡಿಕೊಳ್ಳಬೇಕಾಯಿತು. ಮಾತುಕತೆಗೆ ಮೂರು ವರ್ಷ ಹಿಡಿಯಿತು, ಪ್ರತಿಯಾಗಿ ನೆಲಬಾಡಿಗೆಯಲ್ಲಿ ರಿಯಾಯಿತಿ ಕೊಡಬೇಕಾಯಿತು. ಅನುಬಂಧದ ಆ ಒಂದು ಸಾಲಿಗೆ ಬದಲಾಗಿ ಈಗ ಎರಡು ಸಾಲುಗಳಿವೆ, ಎರಡನ್ನೂ ಕರಡಿನಲ್ಲಿ ನಾನೇ ಬರೆದೆ. ರಾತ್ರಿ ಹತ್ತರವರೆಗೆ ಗೇಟು ತೆರೆದಿರುತ್ತದೆ, ಬಸ್ಸಿಗೆ ಕಾಯುವವರು ಬೆಂಚಿನ ಮೇಲೆ ಕೂರುತ್ತಾರೆ.