ನಾಲೆಯಲ್ಲೂ ಈಜುಕೊಳದಲ್ಲೂ ಪಳಗಿದವರು ಇಂಗ್ಲೆಂಡಿನ ತಣ್ಣನೆಯ ಸರೋವರಕ್ಕೆ ಹೇಗೆ ಸಿದ್ಧರಾಗಬೇಕು?

ಮಂಡ್ಯದ ವಿಶ್ವೇಶ್ವರಯ್ಯ ನಾಲೆಯಲ್ಲಿ ಈಜು ಕಲಿತು, ಈಗ ಮೈಸೂರಿನ ಈಜುಕೊಳದಲ್ಲಿ ಎರಡು ಕಿಲೋಮೀಟರ್ ಸಲೀಸಾಗಿ ಈಜುತ್ತಿರುವ ನೀವು ಏಪ್ರಿಲ್ ಕೊನೆಯಲ್ಲಿ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋಗಲಿದ್ದೀರಿ. ಜೂನ್‌ನಲ್ಲಿ ವಿಂಡರ್‌ಮಿಯರ್ ಸರೋವರದಲ್ಲಿ ನಡೆಯುವ ಗ್ರೇಟ್ ನಾರ್ತ್ ಸ್ವಿಮ್‌ನಲ್ಲಿ ಒಂದು ಮೈಲಿ ಈಜಬೇಕೆಂಬ ಆಸೆಯಿದೆ. ಅದಕ್ಕಾಗಿ ಇಲ್ಲಿ ಇನ್ನೆಷ್ಟು ದೂರ ಅಭ್ಯಾಸ ಮಾಡಬೇಕು ಎಂದು ಕೇಳಿದ್ದೀರಿ. ದೂರದ ಅಭ್ಯಾಸ ನಿಮಗೆ ಈಗಾಗಲೇ ಸಾಕಷ್ಟಾಗಿದೆ. ನೀವು ಕಲಿಯಬೇಕಾದದ್ದು ತಣ್ಣೀರಿಗಿಳಿದ ಮೊದಲ ಒಂದೆರಡು ನಿಮಿಷಗಳನ್ನು ಮತ್ತು ನೀರಿನಿಂದ ಹೊರಬಂದ ನಂತರದ ಅರ್ಧ ಗಂಟೆಯನ್ನು ನಿಭಾಯಿಸುವುದನ್ನು. ನಾನು ಮೈಸೂರಿನವನು, ಕೆಲವು ವರ್ಷ ಉತ್ತರ ಇಂಗ್ಲೆಂಡಿನಲ್ಲಿದ್ದು ಅಲ್ಲಿನ ಸರೋವರಗಳಲ್ಲಿ ಈಜಿದ್ದೇನೆ. ಚೆನ್ನಾಗಿ ಈಜಬಲ್ಲವರೇ ಈ ಎರಡು ಘಟ್ಟಗಳನ್ನು ಕಡೆಗಣಿಸುವುದನ್ನು ಅಲ್ಲಿ ಮತ್ತೆ ಮತ್ತೆ ಕಂಡಿದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಡಿಸೆಂಬರ್ ಬೆಳಗಿನಲ್ಲೂ ಕೆರೆಯ ನೀರು 20 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಸ್ಪರ್ಧೆಗಳ ಈಜುಕೊಳಗಳಲ್ಲಂತೂ 25ರಿಂದ 28 ಡಿಗ್ರಿ ಇರುತ್ತದೆ. ಏಪ್ರಿಲ್ ಕೊನೆಯ ವಿಂಡರ್‌ಮಿಯರ್ ಸುಮಾರು 10 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದು ಸುಮಾರು 17 ಕಿಲೋಮೀಟರ್ ಉದ್ದದ, ಕೆಲವೆಡೆ 60 ಮೀಟರಿಗೂ ಮಿಕ್ಕಿ ಆಳವಿರುವ ಸರೋವರ. ಚಳಿಗಾಲದಲ್ಲಿ ಮೇಲಿನಿಂದ ತಳದವರೆಗೆ ತಣ್ಣಗಾಗಿ ಬೆರೆತ ಅಷ್ಟು ದೊಡ್ಡ ನೀರಿನ ರಾಶಿ ಮತ್ತೆ ಕಾಯಲು ತಿಂಗಳುಗಳೇ ಬೇಕಾಗುವುದರಿಂದ, ದಡದಲ್ಲಿ ಹಿತವಾದ ಬಿಸಿಲಿದೆ ಎಂದ ಮಾತ್ರಕ್ಕೆ ನೀರೂ ಹಿತವಾಗಿರುವುದಿಲ್ಲ. ಮೇ ತಿಂಗಳಲ್ಲಿ ಮೇಲ್ಪದರ ಕಾಯತೊಡಗಿದಾಗಲೂ, ಗಾಳಿಯಿಲ್ಲದ ದಿನ ಎದೆಯ ಮಟ್ಟದ ನೀರು ಹಿತವೆನಿಸಿ, ಕಾಲು ಇಳಿಬಿಟ್ಟಲ್ಲಿ ಕೊರೆಯುತ್ತದೆ. ಜೋರು ಗಾಳಿ ಬೀಸಿದರೆ ಕೆಳಗಿನ ತಣ್ಣೀರು ಮೇಲಕ್ಕೆ ಬೆರೆತು ನಿನ್ನೆಗಿಂತ ಇಂದು ತಣ್ಣಗಿರುವುದೂ ಉಂಟು. ಹಾಗಾಗಿ ಒಂದು ಸಣ್ಣ ಥರ್ಮಾಮೀಟರ್ ಸದಾ ಜೊತೆಗಿರಲಿ.

15 ಡಿಗ್ರಿಗಿಂತ ತಣ್ಣಗಿನ ನೀರು ಚರ್ಮಕ್ಕೆ ಹಠಾತ್ತನೆ ತಗುಲಿದಾಗ ನಮ್ಮ ಅಪ್ಪಣೆಯಿಲ್ಲದೆ ಒಂದು ದೊಡ್ಡ ಉಸಿರು ಒಳಕ್ಕೆ ಎಳೆದುಕೊಳ್ಳುತ್ತದೆ, ಅದರ ಹಿಂದೆಯೇ ಏದುಸಿರು ಶುರುವಾಗುತ್ತದೆ, ಎದೆಬಡಿತವೂ ರಕ್ತದೊತ್ತಡವೂ ಏರುತ್ತವೆ. ಇದನ್ನೇ ಕೋಲ್ಡ್ ಶಾಕ್ ಎನ್ನುತ್ತಾರೆ. ಇದು ಮೊದಲ ಅರ್ಧ ನಿಮಿಷದಲ್ಲಿ ತೀವ್ರವಾಗಿದ್ದು ಎರಡು ಮೂರು ನಿಮಿಷಗಳಲ್ಲಿ ಇಳಿಯುತ್ತದೆ. ಆ ಮೊದಲ ಉಸಿರು ಬಾಯಿ ನೀರಿನೊಳಗಿರುವಾಗ ಬಂದರೆ ಎಂಥ ಈಜುಗಾರನಿಗೂ ಅಪಾಯವೇ. ನಾಲೆಯ ಸೇತುವೆಯಿಂದ ಧುಮುಕಿ ಬೆಳೆದ ನಮಗೆ ನೀರು ಕಂಡೊಡನೆ ಹಾರುವುದು ರೂಢಿಯಾಗಿದೆ. ಆ ಒಂದು ರೂಢಿಯನ್ನು ಮಾತ್ರ ದಯವಿಟ್ಟು ಇಲ್ಲೇ ಬಿಟ್ಟು ಹೋಗಿ. ಇಳಿಜಾರಿನ ದಡ ಹುಡುಕಿ, ಸೊಂಟದವರೆಗೆ ನಡೆದು ಹೋಗಿ, ಮುಖಕ್ಕೂ ಕತ್ತಿಗೂ ನೀರು ಎರಚಿಕೊಂಡು, ಉಸಿರನ್ನು ನಿಧಾನವಾಗಿ ಹೊರಕ್ಕೆ ಬಿಡುತ್ತಾ ಭುಜದವರೆಗೆ ಇಳಿದು ಅಲ್ಲೇ ನಿಲ್ಲಿ. ಒಂದು ಪೂರ್ತಿ ವಾಕ್ಯವನ್ನು ತಡವರಿಸದೆ ಹೇಳಬಲ್ಲಿರಾದ ಮೇಲೆ ತಲೆ ಎತ್ತಿಕೊಂಡೇ ಬ್ರೆಸ್ಟ್‌ಸ್ಟ್ರೋಕ್ ಆರಂಭಿಸಿ. ಮುಖ ಮುಳುಗಿಸುವ ಫ್ರೀಸ್ಟೈಲ್ ಅದರ ನಂತರ. ಉಸಿರು ಹತೋಟಿಗೆ ಬಾರದಿದ್ದರೆ ಆ ದಿನ ಈಜದೆ ವಾಪಸು ಬನ್ನಿ.

ಉಸಿರು ಹತೋಟಿಗೆ ಬಂದ ಮೇಲೆ ಹಿತವೆನಿಸುತ್ತದೆ, ಆದರೆ ಆ ಹಿತವನ್ನು ನಂಬುವಂತಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಒಯ್ಯುವುದರಿಂದ ಮೊದಲು ಕೈಕಾಲುಗಳ ಸ್ನಾಯು, ನರಗಳು ತಣ್ಣಗಾಗಿ ಬೆರಳುಗಳು ಅಗಲಿಸಿಕೊಳ್ಳುತ್ತವೆ, ಕೈಬೀಸು ಗಿಡ್ಡವಾಗುತ್ತದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಹಿಮದಂಥ ನೀರಿಗೆ ಬಿದ್ದವರಿಗಾಗಿ ಹೇಳುವ ಸ್ಥೂಲ ಲೆಕ್ಕವೊಂದಿದೆ: ಉಸಿರು ಹಿಡಿತಕ್ಕೆ ಬರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಎಚ್ಚರ ತಪ್ಪುವ ಮುನ್ನ ಒಂದು ಗಂಟೆ. 10 ಡಿಗ್ರಿಯಲ್ಲಿ ಅವಧಿ ಇದಕ್ಕಿಂತ ಹೆಚ್ಚು, ಆದರೆ ಕ್ರಮ ಇದೇ. ಆದ್ದರಿಂದ ಅಲ್ಲಿ ಕಿಲೋಮೀಟರ್ ಎಣಿಸಬೇಡಿ, ನಿಮಿಷ ಎಣಿಸಿ. ಮೊದಲ ವಾರ ಐದು ನಿಮಿಷ ಸಾಕು. ದೇಹ ಹೇಗೆ ಚೇತರಿಸಿಕೊಂಡಿತೆಂಬುದನ್ನು ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ದಡದಿಂದ ದೂರ ಹೋಗದೆ, ನಿಂತರೆ ಕಾಲು ತಾಗುವ ಆಳದಲ್ಲಿ ದಡಕ್ಕೆ ಸಮಾನಾಂತರವಾಗಿ ಈಜಿ.

ಇಲ್ಲಿಂದಲೇ ಮಾಡಬಹುದಾದದ್ದೂ ಇದೆ. ಬೆಳಗಿನ ತಣ್ಣೀರು ಸ್ನಾನ ಒಳ್ಳೆಯದೇ, ಆದರೆ ನಮ್ಮ ನಲ್ಲಿಯ ನೀರು ಅಷ್ಟು ತಣ್ಣಗಿರುವುದಿಲ್ಲ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಮತ್ತು ಸಂಗಡಿಗರ ಅಧ್ಯಯನಗಳ ಪ್ರಕಾರ, ತಣ್ಣೀರಿನಲ್ಲಿ ಎರಡು ಮೂರು ನಿಮಿಷಗಳಂತೆ ಐದಾರು ಬಾರಿ ಕುಳಿತರೆ ಆ ಮೊದಲ ಆಘಾತ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಆ ಒಗ್ಗಿಕೆ ತಿಂಗಳುಗಟ್ಟಲೆ ಉಳಿಯುತ್ತದೆ. ಮೈಸೂರಿನಲ್ಲಿ ಮಾರ್ಚ್‌ನಲ್ಲಿ ಮಾಡಿದ್ದು ಮೇ ತಿಂಗಳಲ್ಲಿ ವಿಂಡರ್‌ಮಿಯರ್‌ನಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದೇ ನಿಮ್ಮ ಪ್ರಶ್ನೆಗೆ ನಾನು ಕೊಡಬಹುದಾದ ಅತ್ಯಂತ ಉಪಯುಕ್ತ ಉತ್ತರ. ಮನೆಯ ನೀರಿನ ತೊಟ್ಟಿಯೋ ದೊಡ್ಡ ಪ್ಲಾಸ್ಟಿಕ್ ಟಬ್ಬೋ ಸಾಕು. 25 ಡಿಗ್ರಿಯ 200 ಲೀಟರ್ ನೀರನ್ನು 15 ಡಿಗ್ರಿಗೆ ಇಳಿಸಲು ಇಪ್ಪತ್ತು ಕಿಲೋಗಿಂತ ಸ್ವಲ್ಪ ಹೆಚ್ಚು ಐಸ್ ಬೇಕಾಗುತ್ತದೆ. ಐಸ್ ಫ್ಯಾಕ್ಟರಿಯಲ್ಲಿ ಗಡ್ಡೆಯಾಗಿಯೇ ಸಿಗುತ್ತದೆ. ಕತ್ತಿನವರೆಗೆ ಕುಳಿತು, ತಲೆ ಹೊರಗಿಟ್ಟು, ಉಸಿರಾಟವೊಂದನ್ನೇ ಗಮನಿಸಿ. ಮನೆಯವರೊಬ್ಬರು ಪಕ್ಕದಲ್ಲೇ ಇರಬೇಕು. ಇದಕ್ಕೆ ಮುನ್ನ ವೈದ್ಯರನ್ನು ಕಂಡು ರಕ್ತದೊತ್ತಡ ಮತ್ತು ಹೃದಯವನ್ನು ಪರೀಕ್ಷಿಸಿಕೊಳ್ಳಿ, ಏಕೆಂದರೆ ತಣ್ಣೀರಿನ ಆಘಾತ ಎದೆಬಡಿತವನ್ನು ಏರಿಸುವಾಗಲೇ ನೀರಿನಲ್ಲಿ ಮುಖ ಮುಳುಗಿಸಿ ಉಸಿರು ಹಿಡಿಯುವುದು ಅದನ್ನು ಇಳಿಸಲು ನೋಡುತ್ತದೆ, ಈ ಎಳೆದಾಟದಲ್ಲಿ ಬಡಿತದ ಲಯ ತಪ್ಪುವ ಸಾಧ್ಯತೆಯಿದೆ. ನಿಮಗೆ ಅಂಥ ತೊಂದರೆಯಿದ್ದರೆ ತಣ್ಣೀರಿನ ಈಜನ್ನು ಕೈಬಿಡಿ ಎಂದೇ ನನ್ನ ಸಲಹೆ.

ನೀರಿನಿಂದ ಹೊರಬಂದ ಮೇಲೂ ದೇಹದ ಒಳಗಿನ ಉಷ್ಣತೆ ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ. ದಡದಲ್ಲಿ ನಗುತ್ತಾ ಮಾತನಾಡುತ್ತಿದ್ದವರು ಹತ್ತು ನಿಮಿಷ ಕಳೆದ ಮೇಲೆ ಗಡಗಡ ನಡುಗತೊಡಗುವುದು ಇದರಿಂದಲೇ. ಬಟ್ಟೆಗಳನ್ನು ತೊಡುವ ಕ್ರಮದಲ್ಲೇ ಮೊದಲೇ ಜೋಡಿಸಿಟ್ಟು, ಬಂದೊಡನೆ ಒದ್ದೆಯದನ್ನು ಕಳಚಿ, ಮೈ ಒರೆಸಿ, ಮೊದಲು ಎದೆ ಬೆನ್ನು ಮುಚ್ಚುವಂತೆ ಪದರ ಪದರವಾಗಿ ತೊಟ್ಟುಕೊಳ್ಳಿ. ಬೆರಳು ಮರಗಟ್ಟಿರುತ್ತವೆ, ಆದ್ದರಿಂದ ಗುಂಡಿ, ಲೇಸುಗಳ ಉಡುಪು ಬೇಡ. ಬಿಸಿನೀರಿನ ಶವರ್ ಕೆಳಗೆ ತಕ್ಷಣ ನಿಲ್ಲಬೇಡಿ. ಚರ್ಮದ ರಕ್ತನಾಳಗಳು ಒಮ್ಮೆಲೇ ಅರಳಿ ಒತ್ತಡ ಕುಸಿದು ತಲೆಸುತ್ತಿ ಬೀಳಬಹುದು. ಫ್ಲಾಸ್ಕಿನಲ್ಲಿ ಸಿಹಿಯಾದ ಬಿಸಿ ಕಾಫಿ ಒಯ್ಯಿರಿ, ಮದ್ಯ ಬೇಡ, ನಡುಕ ನಿಲ್ಲುವವರೆಗೆ ಕಾರು ಓಡಿಸಬೇಡಿ.

ವೆಟ್‌ಸೂಟ್, ಅಂದರೆ ತಣ್ಣೀರಿಗಾಗಿ ಮೈಗಂಟಿದಂತೆ ತೊಡುವ ರಬ್ಬರಿನ ಉಡುಪು, ಬೇಕೇ ಎಂದೂ ಕೇಳಿದ್ದೀರಿ. ಬೇಕು. ಅಂತರರಾಷ್ಟ್ರೀಯ ಈಜು ಒಕ್ಕೂಟವಾದ ವರ್ಲ್ಡ್ ಅಕ್ವಾಟಿಕ್ಸ್‌ನ ತೆರೆದ ನೀರಿನ ಸ್ಪರ್ಧೆಗಳಲ್ಲೇ 18 ಡಿಗ್ರಿಗಿಂತ ಕೆಳಗೆ ಅದು ಕಡ್ಡಾಯ, 16ಕ್ಕಿಂತ ಕೆಳಗೆ ಸ್ಪರ್ಧೆಯೇ ಇಲ್ಲ. ಅದು ಬೆಚ್ಚಗಿಡುವುದಲ್ಲದೆ ತೇಲಿಸುತ್ತದೆ ಕೂಡ. ಆದರೆ ಭುಜ ಬಿಗಿಯುವುದರಿಂದ ಕೈಬೀಸು ಬೇರೆಯಾಗುತ್ತದೆ, ಹಾಗಾಗಿ ಕೊಳ್ಳುವ ಮೊದಲು ಬಾಡಿಗೆಗೆ ಪಡೆದು ಈಜಿ ನೋಡಿ. ಕಿವಿಗೆ ತಣ್ಣೀರು ನುಗ್ಗಿದರೆ ತಲೆ ತಿರುಗುವುದರಿಂದ ಇಯರ್‌ಪ್ಲಗ್, ದೋಣಿಯವರಿಗೆ ಕಾಣುವಂತೆ ಗಾಢ ಬಣ್ಣದ ಟೋಪಿ, ಸೊಂಟಕ್ಕೆ ಕಟ್ಟಿಕೊಂಡರೆ ಹಿಂದೆ ತೇಲುತ್ತಾ ಬರುವ ಗಾಳಿ ತುಂಬಿದ ಚೀಲ (ಟೋ ಫ್ಲೋಟ್) ಇವಿಷ್ಟು ಸಾಕು. ಒಬ್ಬರೇ ಇಳಿಯಬೇಡಿ, ಹೋದ ಮೊದಲ ವಾರದಲ್ಲೇ ಅಲ್ಲಿನ ಈಜುಗಾರರ ಗುಂಪೊಂದನ್ನು ಸೇರಿಕೊಂಡರೆ ಯಾವ ದಡದಿಂದ ಇಳಿಯಬೇಕು, ದೋಣಿಗಳು ಎಲ್ಲಿ ಓಡಾಡುತ್ತವೆ ಎಂಬುದನ್ನೂ ಅವರೇ ತೋರಿಸುತ್ತಾರೆ.