ಮುಟ್ಟು ನಿಲ್ಲುವ ಹೊತ್ತಿನ ಖಿನ್ನತೆ: ಜೆಲ್ ಹಚ್ಚಬೇಕೋ, ಮಾತ್ರೆ ನುಂಗಬೇಕೋ?

ಸಾಗರ, ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಎಲ್ಲಿಂದ ಪತ್ರ ಬಂದರೂ ಅದೇ ಪ್ರಶ್ನೆ, ಅದೇ ಭಯ, ಅದೇ ಪಕ್ಕದ ಮನೆಯವರ ಸಲಹೆ. ಅದಕ್ಕೇ ಈ ಸಲ ಒಂದು ಪತ್ರಕ್ಕೆ ಉದ್ದಕ್ಕೆ ಬರೆಯುತ್ತೇನೆ. ಉಳಿದವರು ಸಿಟ್ಟಾಗಬೇಡಿ. ಮುಟ್ಟು ನಿಲ್ಲುವುದು ಅಂದರೆ ಏನು ಅಂತ ಇಲ್ಲಿ ವಿವರಿಸುವುದಿಲ್ಲ. ಅದನ್ನು ನಿಮ್ಮೂರಿನ ಆಶಾ ಕಾರ್ಯಕರ್ತೆ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಪ್ರಶ್ನೆ: ನನಗೆ 47 ವರ್ಷ. ಸಾಗರದ ಹತ್ತಿರ ಹಳ್ಳಿ. ಒಂದು ವರ್ಷದಿಂದ ಮುಟ್ಟು ಹಿಂದೆ ಮುಂದೆ ಆಗುತ್ತಿದೆ. ರಾತ್ರಿ ಮೈಯೆಲ್ಲ ಝಳ ಹೊಡೆದು, ಬೆವತು ಎಚ್ಚರವಾಗುತ್ತದೆ. ಅಡಿಕೆ ಕೊಯ್ಲು ಶುರುವಾದರೂ ಅಂಗಳಕ್ಕೆ ಇಳಿಯಲು ಮನಸ್ಸಿಲ್ಲ. ಸುಲಿಯುವವರು ನಗುತ್ತಾ ಮಾತಾಡಿದರೆ ನನಗೆ ಅಳು ಬರುತ್ತದೆ. ಎರಡನೇ ಬಾಣಂತನದಲ್ಲೂ ಕೆಲವು ತಿಂಗಳು ಹೀಗೇ ಆಗಿತ್ತು. ಒಬ್ಬರು ಡಾಕ್ಟರು ಎಸ್ಸಿಟಲೋಪ್ರಾಂ ಅನ್ನುವ ಖಿನ್ನತೆಯ ಮಾತ್ರೆ ಬರೆದರು. ಇನ್ನೊಬ್ಬರು ಹಾರ್ಮೋನ್ ಜೆಲ್ ಹಚ್ಚಿ ಅಂದರು. ನಾದಿನಿ ಎರಡೂ ಬೇಡ ಅನ್ನುತ್ತಾಳೆ. ಒಂದು ಚಟ ಹತ್ತುತ್ತದಂತೆ, ಇನ್ನೊಂದರಿಂದ ಕ್ಯಾನ್ಸರ್ ಬರುತ್ತದಂತೆ. ಯಾರ ಮಾತು ಕೇಳಲಿ ಮೇಡಂ?

ಉತ್ತರ: ನಾದಿನಿಯನ್ನು ಬಿಟ್ಟು ಉಳಿದಿಬ್ಬರ ಮಾತನ್ನೂ ಕೇಳಬಹುದು. ಇಬ್ಬರೂ ತಪ್ಪು ಹೇಳಿಲ್ಲ. ಆದರೆ ಬಾಣಂತನದ ವಿಷಯ ನೀವು ಅವರಿಬ್ಬರಿಗೂ ಹೇಳಿದಿರಾ? ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅದು. ನಮ್ಮ ಕಡೆ ಬಾಣಂತಿಗೆ ಎಣ್ಣೆ ನೀರು, ಕಾಳುಮೆಣಸಿನ ಸಾರು, ಕಿವಿಗೆ ಹತ್ತಿ, ಎಲ್ಲ ಉಂಟು. ಮನಸ್ಸು ಹೇಗಿದೆ ಅಂತ ಕೇಳುವವರು ಮಾತ್ರ ಇಲ್ಲ. ಬಾಣಂತನದಲ್ಲಿ ಖಿನ್ನತೆ ಆದವರಿಗೆ, ಮುಟ್ಟಿಗೆ ಮೊದಲು ಮನಸ್ಸು ತೀರಾ ಕುಸಿಯುತ್ತಿದ್ದವರಿಗೆ, ಮುಟ್ಟು ನಿಲ್ಲುವ ಹೊತ್ತಿಗೆ ಅದು ಮರಳಿ ಬರುವ ಸಾಧ್ಯತೆ ಜಾಸ್ತಿ. ಹಾಗಾಗಿ ಇದು "ವಯಸ್ಸಿನ ಸಹಜ" ಅಲ್ಲ. ಕಾಯಿಲೆ. ಚಿಕಿತ್ಸೆ ಇರುವ ಕಾಯಿಲೆ.

ಈಗ ಹಾರ್ಮೋನ್. ಜೆಲ್‌ನಲ್ಲಿರುವುದು ಈಸ್ಟ್ರೊಜೆನ್, ಅಂಡಾಶಯದಲ್ಲಿ ತಯಾರಾಗುವ ಹೆಣ್ಣಿನ ಹಾರ್ಮೋನ್. ಈಸ್ಟ್ರೊಜೆನ್ ಕಡಿಮೆಯಾಯಿತು, ಅದಕ್ಕೇ ಬೇಜಾರು ಬಂತು ಅಂತ ತುಂಬಾ ಜನ ತಿಳಿದಿದ್ದಾರೆ. ಕಡಿಮೆಯಾಗುವುದಕ್ಕಿಂತ ಏರಿಳಿತವೇ ದೊಡ್ಡ ತೊಂದರೆ. ಮುಟ್ಟು ಪೂರ್ತಿ ನಿಲ್ಲುವ ಮೊದಲಿನ ಕೆಲವು ವರ್ಷ ಈಸ್ಟ್ರೊಜೆನ್ ಒಂದು ವಾರ ಮೇಲೆ, ಇನ್ನೊಂದು ವಾರ ಕೆಳಗೆ. ಮಿದುಳಿನಲ್ಲಿ ಸೆರೊಟೊನಿನ್ ಅನ್ನುವ, ಮನಸ್ಸಿನ ಸ್ಥಿತಿಗೆ ಸಂಬಂಧಪಟ್ಟ ರಾಸಾಯನಿಕ ಕೆಲಸ ಮಾಡುವ ರೀತಿಗೂ ಈಸ್ಟ್ರೊಜೆನ್‌ಗೂ ಸಂಬಂಧ ಇದೆ. ಕೆಲವರ ಮನಸ್ಸು ಈ ಏರಿಳಿತ ತಡೆದುಕೊಳ್ಳುತ್ತದೆ, ಕೆಲವರದು ತಡೆದುಕೊಳ್ಳುವುದಿಲ್ಲ.

2001ರಲ್ಲಿ ನಿಮ್ಮಂಥ 50 ಮಹಿಳೆಯರ ಮೇಲೆ ಒಂದು ಪ್ರಯೋಗ ನಡೆದಿತ್ತು. ಎಲ್ಲರಿಗೂ ಮುಟ್ಟು ಏರುಪೇರು, ಎಲ್ಲರಿಗೂ ಖಿನ್ನತೆ. 12 ವಾರ ಅರ್ಧ ಜನರಿಗೆ ಚರ್ಮಕ್ಕೆ ಅಂಟಿಸುವ ಈಸ್ಟ್ರೊಜೆನ್ ಪಟ್ಟಿ, ಉಳಿದವರಿಗೆ ಔಷಧಿ ಇಲ್ಲದ ಪಟ್ಟಿ. ಈಸ್ಟ್ರೊಜೆನ್ ಪಡೆದವರಲ್ಲಿ 68% ಜನರ ಖಿನ್ನತೆ ಇಳಿಯಿತು. ಇನ್ನೊಂದು ಗುಂಪಿನಲ್ಲಿ 20%. ಸಣ್ಣ ಪ್ರಯೋಗ, ನಿಜ. ಆದರೆ ಅಲಕ್ಷ್ಯ ಮಾಡುವ ಅಂಕಿ ಅಲ್ಲ. 2018ರಲ್ಲಿ ಅಮೆರಿಕದ ತಜ್ಞರು ಈ ಬಗ್ಗೆ ಮಾರ್ಗಸೂಚಿ ಬರೆದರು. ಮುಟ್ಟು ನಿಲ್ಲುತ್ತಿರುವ ಹಂತದಲ್ಲಿ ಈಸ್ಟ್ರೊಜೆನ್ ಖಿನ್ನತೆಗೆ ನೆರವಾಗುತ್ತದೆ, ಮುಟ್ಟು ನಿಂತು ವರ್ಷಗಳಾದ ಮೇಲೆ ಆಗುವುದಿಲ್ಲ ಅಂತ ಅದರಲ್ಲಿದೆ. ಹಾಗಿದ್ದರೂ ಖಿನ್ನತೆಗೆ ಮೊದಲ ಚಿಕಿತ್ಸೆ ಖಿನ್ನತೆಯ ಮಾತ್ರೆ ಮತ್ತು ಮಾತಿನ ಚಿಕಿತ್ಸೆಯೇ ಅಂತಲೂ ಇದೆ. ಜನ ಮೊದಲರ್ಧ ಮಾತ್ರ ಓದಿ ನನ್ನ ಹತ್ತಿರ ಜಗಳಕ್ಕೆ ಬರುತ್ತಾರೆ.

ಖಿನ್ನತೆ ಹಗುರವಾಗಿದ್ದು, ಜೀವನದಲ್ಲಿ ಮೊದಲ ಸಲ ಬಂದಿದ್ದು, ಝಳ ಮತ್ತು ನಿದ್ದೆಗೇಡು ಜೋರಾಗಿದ್ದರೆ ನಾನು ಹಾರ್ಮೋನ್‌ನಿಂದಲೇ ಶುರು ಮಾಡಿ 12 ವಾರ ನೋಡುತ್ತೇನೆ. ನಿಮ್ಮದು ಎರಡನೇ ಸಲ. ದಿನದ ಕೆಲಸಕ್ಕೂ ಪೆಟ್ಟು ಬಿದ್ದಿದೆ. ನೀವು ನನ್ನ ಎದುರು ಕೂತಿದ್ದರೆ ಮಾತ್ರೆ ಮೊದಲು ಶುರು ಮಾಡುತ್ತಿದ್ದೆ. ತಪಾಸಣೆ ಎಲ್ಲ ಸರಿ ಬಂದರೆ ರಾತ್ರಿಯ ಬೆವರಿಗೆ ಜೆಲ್ ಸೇರಿಸುತ್ತಿದ್ದೆ. ಎರಡೂ ಒಟ್ಟಿಗೆ ತೆಗೆದುಕೊಳ್ಳಬಹುದು. ಎಸ್ಸಿಟಲೋಪ್ರಾಂ ಝಳವನ್ನೂ ಸ್ವಲ್ಪ ಇಳಿಸುತ್ತದೆ, ಅದು ಲಾಭ.

ಕ್ಯಾನ್ಸರ್ ಭಯ ಎಲ್ಲಿಂದ ಬಂತು? 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಅರ್ಧಕ್ಕೆ ನಿಂತಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಆ ಸುದ್ದಿ ಹಳಸಿದರೂ ಭಯ ಹಳಸಲಿಲ್ಲ. ಅದರಲ್ಲಿದ್ದ ಮಹಿಳೆಯರ ಸರಾಸರಿ ವಯಸ್ಸು 63. ಕೊಟ್ಟಿದ್ದು ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೊಜೆನ್ ಮಾತ್ರೆ, ಜೊತೆಗೆ ಹಳೆಯ ಥರದ ಪ್ರೊಜೆಸ್ಟಿನ್, ಅಂದರೆ ಪ್ರೊಜೆಸ್ಟರಾನ್ ಹಾರ್ಮೋನಿನ ಹಾಗೆ ಕೆಲಸ ಮಾಡುವ ಕೃತಕ ಔಷಧಿ. ವರ್ಷಕ್ಕೆ 10,000 ಮಹಿಳೆಯರಲ್ಲಿ 30 ಜನರಿಗೆ ಬರುತ್ತಿದ್ದ ಸ್ತನ ಕ್ಯಾನ್ಸರ್ ಅವರಲ್ಲಿ 38 ಜನರಿಗೆ ಬಂತು. ಅಂದರೆ ಎಂಟು ಜನ ಜಾಸ್ತಿ. ಅದು ಸೊನ್ನೆ ಅಲ್ಲ. ಹಾಗಂತ ಜೆಲ್ ಮುಟ್ಟಿದವರಿಗೆಲ್ಲ ಕ್ಯಾನ್ಸರ್ ಅನ್ನುವುದು ಸುಳ್ಳು. 60ರ ಒಳಗಿನವರಿಗೆ, ಮುಟ್ಟು ನಿಂತು ಹತ್ತು ವರ್ಷ ದಾಟದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ ಲಾಭವೇ ಹೆಚ್ಚು ತೂಗುತ್ತದೆ.

ಅಡ್ಡಿ ಯಾರಿಗೆ? ಸ್ತನ ಕ್ಯಾನ್ಸರ್ ಆದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ಲಕ್ವ ಅಥವಾ ಹೃದಯಾಘಾತ ಆದವರು, ಲಿವರ್ ಕೆಟ್ಟವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರು. ಇವರು ಹಾರ್ಮೋನ್ ಹತ್ತಿರ ಹೋಗಬಾರದು. ನಾನು ಸ್ವಲ್ಪ ಪುಕ್ಕಲು. ಬಿಪಿ ನೋಡದೆ, ಎದೆ ಪರೀಕ್ಷೆ ಮಾಡದೆ, ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಇಲ್ಲದೆ ಜೆಲ್ ಬರೆಯುವುದಿಲ್ಲ. ಸ್ರಾವ ಜಾಸ್ತಿ ಇದ್ದರೆ ಗರ್ಭಕೋಶದ ಸ್ಕ್ಯಾನ್ ಕೂಡ. "ಇಷ್ಟೆಲ್ಲ ಯಾಕೆ, ಬೇರೆ ಡಾಕ್ಟರು ಸುಮ್ನೆ ಬರೆದುಕೊಡುತ್ತಾರೆ" ಅನ್ನುವವರು ಅಲ್ಲಿಗೇ ಹೋಗಿ.

ಗರ್ಭಕೋಶ ಇರುವವರು ಬರೀ ಈಸ್ಟ್ರೊಜೆನ್ ತೆಗೆದುಕೊಳ್ಳುವ ಹಾಗೇ ಇಲ್ಲ. ಒಳಪದರ ದಪ್ಪವಾಗಿ ಗರ್ಭಕೋಶದ ಕ್ಯಾನ್ಸರ್ ಆಗಬಹುದು. ಜೊತೆಗೆ ಅದನ್ನು ತಡೆಯುವ ಪ್ರೊಜೆಸ್ಟರಾನ್ ಬೇಕೇ ಬೇಕು. ದುಡ್ಡು ಉಳಿಸಲು ಜೆಲ್ ಮಾತ್ರ ಕೊಂಡು ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ಬಿಡುವವರನ್ನು ನೋಡಿದ್ದೇನೆ. ಮೆಡಿಕಲ್ ಶಾಪಿನವರೂ ಹೂಂ ಅಂದು ಕೊಟ್ಟು ಕಳಿಸುತ್ತಾರೆ. ಕೆಲವರಿಗೆ ಪ್ರೊಜೆಸ್ಟರಾನ್ ಗುಂಪಿನ ಔಷಧಿಯಿಂದಲೇ ಮನಸ್ಸು ಇನ್ನೂ ಕುಗ್ಗುತ್ತದೆ. ಹಾಗಾದರೆ ಬಿಟ್ಟುಬಿಡಬೇಡಿ, ಬಂದು ಹೇಳಿ. ಬೇರೆ ಥರದ್ದು ಕೊಡಬಹುದು, ಕಾಪರ್-ಟಿ ಥರದ, ಹಾರ್ಮೋನ್ ಇರುವ ವಂಕಿಯನ್ನು ಗರ್ಭಕೋಶದೊಳಗೇ ಇಡಬಹುದು. ರಾತ್ರಿ ನುಂಗುವ ಮೈಕ್ರೊನೈಸ್ಡ್ (ಸಣ್ಣ ಕಣ ಮಾಡಿದ) ಪ್ರೊಜೆಸ್ಟರಾನ್‌ನಿಂದ ಕೆಲವರಿಗೆ ನಿದ್ದೆಯೂ ಬರುತ್ತದೆ. ಜೆಲ್ ಯಾಕೆ, ಈಸ್ಟ್ರೊಜೆನ್ ಮಾತ್ರೆಯೇ ಸುಲಭ ಅಲ್ವಾ ಅಂದರೆ, ಚರ್ಮದ ಮೂಲಕ ಹೋದ ಈಸ್ಟ್ರೊಜೆನ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಮತ್ತೆ, ಈ ಜೆಲ್, ಕ್ಯಾಪ್ಸೂಲ್ ಗರ್ಭನಿರೋಧಕ ಅಲ್ಲ. 47ರಲ್ಲೂ ಬಸಿರಾಗಬಹುದು.

ಇನ್ನು ಚಟದ ಮಾತು. ಎಸ್ಸಿಟಲೋಪ್ರಾಂ ಚಟ ಹತ್ತಿಸುವ ಮಾತ್ರೆ ಅಲ್ಲ. ಒಮ್ಮೆಲೇ ನಿಲ್ಲಿಸಿದರೆ ತಲೆ ಸುತ್ತು, ಕಿರಿಕಿರಿ ಆಗುತ್ತದೆ. ಅದಕ್ಕೇ ನಿಧಾನಕ್ಕೆ ಇಳಿಸುತ್ತೇವೆ. ಮೊದಲ ವಾರ ಹೊಟ್ಟೆ ತೊಳಸಬಹುದು, ತಡೆದುಕೊಳ್ಳಿ. ಫಲ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಹತ್ತನೇ ದಿನಕ್ಕೆ "ಏನೂ ಆಗಲಿಲ್ಲ" ಅಂತ ಮಾತ್ರೆ ಬಚ್ಚಲ ಒಲೆಗೆ ಹಾಕುವವರಿಗೆ ಏನು ಹೇಳಲಿ? ಹುಷಾರಾದ ಮೇಲೂ ಕನಿಷ್ಠ ಆರು ತಿಂಗಳು, ನಿಮ್ಮಂತೆ ಎರಡನೇ ಸಲ ಆದವರು ಇನ್ನೂ ಜಾಸ್ತಿ ದಿನ ಮುಂದುವರಿಸಬೇಕು. ಒಂದು ಎಚ್ಚರಿಕೆ. ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆ ಇಲ್ಲದೆ, ವಿಪರೀತ ಉತ್ಸಾಹ, ವಿಪರೀತ ಖರ್ಚು, ನಿಲ್ಲದ ಮಾತು, ಹೀಗೆ ಆಗಿತ್ತಾ? ಮನೆಯಲ್ಲಿ ಬೇರೆ ಯಾರಿಗಾದರೂ? ಇದ್ದರೆ ಮಾತ್ರೆ ನುಂಗುವ ಮೊದಲೇ ಹೇಳಿ. ಆಗ ಔಷಧಿಯೇ ಬೇರೆ.

ಇದೆಲ್ಲಕ್ಕೂ ಮುಂಚೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಶುಗರ್ ನೋಡಿಸಿ. ಥೈರಾಯ್ಡ್ ಕಡಿಮೆ ಇದ್ದರೂ ಹೀಗೇ ಮಂಕು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗಿ ಹಿಮೋಗ್ಲೋಬಿನ್ ಇಳಿದವರಿಗೂ ಇದೇ ಸುಸ್ತು.

ಮಾತಿನ ಚಿಕಿತ್ಸೆ ಅಂದರೆ ಕೂತು ಸಮಾಧಾನ ಹೇಳುವುದಲ್ಲ. ಯೋಚನೆಯ ದಾರಿ ಎಲ್ಲಿ ತಪ್ಪುತ್ತಿದೆ, ದಿನವನ್ನು ಹೇಗೆ ಕಟ್ಟಿಕೊಳ್ಳಬೇಕು ಅಂತ ಕಲಿಸುವ ಕ್ರಮ ಅದು. ಝಳದ ಕಾಟ, ನಿದ್ದೆಗೇಡು ತಡೆದುಕೊಳ್ಳಲೂ ನೆರವಾಗುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ, ಅಲ್ಲಿ ವಿಚಾರಿಸಿ. "ಹುಚ್ಚರ ವಿಭಾಗಕ್ಕೆ ನಾನು ಹೋಗಲ್ಲ" ಅಂತ ನೀವು ಬರೆದಿಲ್ಲ. ಬೇರೆಯವರು ಬರೆಯುತ್ತಾರೆ. ಅವರಿಗೆ ಉತ್ತರ ಬರೆಯುವ ತಾಳ್ಮೆ ನನಗಿಲ್ಲ.

ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಈ ಅಂಕಣ ಪಕ್ಕಕ್ಕಿಟ್ಟು ಇವತ್ತೇ ಮನೆಯವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮನೆಯವರು ಅವರನ್ನು ಒಬ್ಬರೇ ಬಿಡಬೇಡಿ. ತೋಟಕ್ಕೆ ಹೊಡೆಯುವ ಔಷಧಿ ಇಟ್ಟ ಕೋಣೆಗೆ ಬೀಗ ಹಾಕಿ, ಬೀಗದ ಕೈ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಪ್ರಶ್ನೆ: ನಿದ್ದೆ ಬರಲ್ಲ ಅಂತ ಮೆಡಿಕಲ್ ಶಾಪಿನಲ್ಲಿ ಅಲ್ಪ್ರಜೋಲಂ ತೆಗೆದುಕೊಳ್ಳುತ್ತಿದ್ದೇನೆ. ಮೊದಲು ಅರ್ಧ, ಈಗ ಎರಡು ಬೇಕು. ಪರವಾಗಿಲ್ವಾ? (ಭದ್ರಾವತಿ)

ಉತ್ತರ: ಪರವಾಗಿದೆ! ಚಟ ಹತ್ತಿಸುವ ಮಾತ್ರೆ ಅಂದರೆ ಇದು. ಮೇಲಿನ ನಾದಿನಿ ಬೈಯಬೇಕಾಗಿದ್ದು ಇದನ್ನು. ಚೀಟಿ ಇಲ್ಲದೆ ಮಾರುವುದು ಕಾನೂನಿಗೇ ವಿರುದ್ಧ. ಖಿನ್ನತೆಗೆ ಇದು ಔಷಧಿ ಅಲ್ಲವೇ ಅಲ್ಲ. ನಾಳೆಯೇ ನಿಲ್ಲಿಸಲೂ ಬೇಡಿ, ಫಿಟ್ಸ್ ಬರಬಹುದು. ಮನೋವೈದ್ಯರ ಹತ್ತಿರ ಹೋಗಿ, ಸ್ವಲ್ಪ ಸ್ವಲ್ಪವೇ ಇಳಿಸಿಕೊಳ್ಳಿ.

ಪ್ರಶ್ನೆ: ಗರ್ಭಕೋಶ ತೆಗೆಸಿಬಿಟ್ಟರೆ ಈ ಎಲ್ಲ ತಾಪತ್ರಯ ಮುಗಿಯುತ್ತದೆ ಅಂತ ನಮ್ಮೂರಿನ ಒಬ್ಬರು ಹೇಳಿದರು. ನನಗೆ 41. (ಸೊರಬ)

ಉತ್ತರ: ಆ ಒಬ್ಬರು ಯಾರು, ಅವರಿಗೆ ಆಸ್ಪತ್ರೆಯಿಂದ ಕಮಿಷನ್ ಎಷ್ಟು ಅಂತ ಮೊದಲು ಕೇಳಿ. ಬೇಜಾರಿಗೆ ಗರ್ಭಕೋಶ ತೆಗೆಯುವ ಪದ್ಧತಿ ಯಾವ ವೈದ್ಯಶಾಸ್ತ್ರದಲ್ಲೂ ಇಲ್ಲ. ಜೊತೆಗೆ ಅಂಡಾಶಯವನ್ನೂ ತೆಗೆದರೆ ವರ್ಷಗಳಲ್ಲಿ ನಿಧಾನವಾಗಿ ಇಳಿಯಬೇಕಾದ ಹಾರ್ಮೋನ್ ಒಂದೇ ದಿನದಲ್ಲಿ ಬೀಳುತ್ತದೆ. ಝಳ, ಖಿನ್ನತೆ ಇನ್ನೂ ಜೋರು, ಮೂಳೆಯೂ ಸವೆಯುತ್ತದೆ. ಈಗಾಗಲೇ 45ರ ಒಳಗೆ ಅಂಡಾಶಯ ತೆಗೆಸಿಕೊಂಡವರು ಇದನ್ನು ಓದುತ್ತಿದ್ದರೆ, ಬೇರೆ ಅಡ್ಡಿ ಇಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ನಿಮಗೆ ಹಾರ್ಮೋನ್ ಬೇಕು. ಯಾರೂ ಹೇಳಿಲ್ಲ ಅಂದರೆ ನೀವೇ ಹೋಗಿ ಕೇಳಿ.

ಪ್ರಶ್ನೆ: ನನಗೆ 62. ಮುಟ್ಟು ನಿಂತು 14 ವರ್ಷ. ಖಿನ್ನತೆಗೆ ಹಾರ್ಮೋನ್ ಶುರು ಮಾಡಲಾ?

ಉತ್ತರ: ಬೇಡ. ನಿಮ್ಮ ಖಿನ್ನತೆಗೆ ಬೇರೆ ಚಿಕಿತ್ಸೆ ಇದೆ, ಅದನ್ನು ತೆಗೆದುಕೊಳ್ಳಿ.

ಪ್ರಶ್ನೆ: ಸ್ತನ ಕ್ಯಾನ್ಸರ್ ಆಗಿ ಟಾಮಾಕ್ಸಿಫೆನ್ ನುಂಗುತ್ತಿದ್ದೇನೆ. ಝಳ, ಖಿನ್ನತೆ ಎರಡೂ ಇವೆ.

ಉತ್ತರ: ಹಾರ್ಮೋನ್ ಇಲ್ಲ. ಖಿನ್ನತೆ ಮಾತ್ರೆಯಲ್ಲೂ ಪ್ಯಾರೊಕ್ಸೆಟಿನ್, ಫ್ಲೂಕ್ಸೆಟಿನ್ ಬೇಡ, ಅವು ಟಾಮಾಕ್ಸಿಫೆನ್ ಕೆಲಸಕ್ಕೆ ಅಡ್ಡ ಬರುತ್ತವೆ. ವೆನ್ಲಾಫ್ಯಾಕ್ಸಿನ್ ಆಗಬಹುದಾ ಅಂತ ನಿಮ್ಮ ಕ್ಯಾನ್ಸರ್ ಡಾಕ್ಟರನ್ನೇ ಕೇಳಿ. ಝಳಕ್ಕೂ ಅದು ಒಳ್ಳೆಯದು.

ಪ್ರಶ್ನೆ: ಮನೆಗೆ ಬಂದು ಕೊಡುವ ನಾಟಿ ಪುಡಿ, ಅಶ್ವಗಂಧ, ಸೋಯಾ ಕ್ಯಾಪ್ಸೂಲ್, ಇವುಗಳಲ್ಲಿ ಯಾವುದು ಒಳ್ಳೆಯದು?

ಉತ್ತರ: ಹೆಸರಿಲ್ಲದ ಪುಡಿಯಲ್ಲಿ ಸ್ಟಿರಾಯ್ಡ್ ಇರಬಹುದು, ಸೀಸ ಇರಬಹುದು. ನುಂಗಬೇಡಿ. ಅಶ್ವಗಂಧ ಕೆಲವರಲ್ಲಿ ಥೈರಾಯ್ಡ್ ಏರಿಸಿದೆ, ಲಿವರ್ ಕೆಡಿಸಿದೆ. ಸೋಯಾ ಕ್ಯಾಪ್ಸೂಲಿನಿಂದ ಖಿನ್ನತೆ ಹೋಗುವುದಿಲ್ಲ.

ಪ್ರಶ್ನೆ: ಹೆಂಡತಿಗೆ 48. ಎಲ್ಲದಕ್ಕೂ ರೇಗುತ್ತಾಳೆ. ಅವಳಿಗೆ ಗೊತ್ತಾಗದ ಹಾಗೆ ಕಾಫಿಯಲ್ಲಿ ಹಾಕಿ ಕೊಡುವ ಔಷಧಿ ಇದ್ದರೆ ತಿಳಿಸಿ.

ಉತ್ತರ: ಇಲ್ಲ. ಕಾಫಿ ನೀವೇ ಮಾಡಿಕೊಡಿ, ಔಷಧಿ ಹಾಕದೆ.

ಪ್ರಶ್ನೆ: ಪ್ರಶ್ನೆ ಇಡಿಸಿದೆವು. ಚೌಡಿಗೆ ಹರಕೆ ಬಾಕಿ ಇದೆ, ಅದಕ್ಕೇ ಅಮ್ಮನಿಗೆ ಹೀಗೆ ಅಂದರು. ಮಾತ್ರೆ ನಿಲ್ಲಿಸಿ ಅಂತಲೂ ಹೇಳಿದರು. (ಹೊಸನಗರ)

ಉತ್ತರ: ಹರಕೆ ತೀರಿಸಿ, ನನ್ನ ತಕರಾರಿಲ್ಲ. ಮಾತ್ರೆ ನಿಲ್ಲಿಸಿ ಅಂದವರ ಮನೆ ಕಡೆ ಮತ್ತೆ ಹೋಗಬೇಡಿ.

ಪ್ರಶ್ನೆ: ಆಗುಂಬೆ ಕಡೆಯ ಹಳ್ಳಿ. ಮಳೆಗಾಲದಲ್ಲಿ ಬಸ್ಸು ನೆಚ್ಚಿಕೊಳ್ಳುವ ಹಾಗಿಲ್ಲ. ತಿಂಗಳು ತಿಂಗಳೂ ಶಿವಮೊಗ್ಗಕ್ಕೆ ಹೇಗೆ ಬರಲಿ?

ಉತ್ತರ: ಈ ಪ್ರಶ್ನೆಗೆ ಬೈಯಲು ಮನಸ್ಸು ಬರುವುದಿಲ್ಲ. ತಿಂಗಳು ತಿಂಗಳೂ ಬರಬೇಕಾಗಿಲ್ಲ. ಮಾತ್ರೆಯಾಗಲಿ ಜೆಲ್ ಆಗಲಿ, ಶುರು ಮಾಡಿದ ಮೊದಲ ಮೂರು ತಿಂಗಳು ಡಾಕ್ಟರ ಕಣ್ಣ ಮುಂದೆ ಇದ್ದರೆ ಸಾಕು. ಮುಂದೆ ಮೂರು ತಿಂಗಳಿಗೊಮ್ಮೆ. ಬಿಪಿ ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡಿಸಿ ಬರೆದಿಡಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ತೀರ್ಥಹಳ್ಳಿ ಆಸ್ಪತ್ರೆಗೆ ಫೋನ್ ಮಾಡಿ, ಆ ವಾರ ಬರುತ್ತಾರಾ ಅಂತ ಕೇಳಿಕೊಂಡೇ ಹೊರಡಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಮಾತ್ರ ಬಸ್ಸು, ಮಳೆ ಅಂತ ಕಾಯಬೇಡಿ, ಬಾಡಿಗೆ ಗಾಡಿ ಮಾಡಿಕೊಂಡಾದರೂ ಬನ್ನಿ. ಜೂನ್ ಶುರುವಾಗುವ ಮೊದಲೇ ಡಾಕ್ಟರಿಗೆ ಹೇಳಿ ಎರಡು ಮೂರು ತಿಂಗಳ ಮಾತ್ರೆ ಒಟ್ಟಿಗೆ ಬರೆಸಿಕೊಳ್ಳಿ. ಮನೆಯಲ್ಲಿ ತಂಡಿ ಏರದ ಡಬ್ಬಿಯಲ್ಲಿ ಇಡಿ. ಅದು ಯಾರ ಕೈಯಲ್ಲಿರಬೇಕು ಅನ್ನುವುದನ್ನು ಡಾಕ್ಟರ ಎದುರೇ ಮನೆಯವರ ಜೊತೆ ಮಾತಾಡಿಕೊಳ್ಳಿ.