ಒಂದೇ ಅಂಕದ ಟಾರ್ಕ್ವಿನಿ 56ರಲ್ಲಿ ಗೆದ್ದದ್ದು ಹೇಗೆ?

ಪ್ರಶ್ನೆ: ಇಟಲಿಯ ಗೇಬ್ರಿಯೇಲೆ ಟಾರ್ಕ್ವಿನಿ ಫಾರ್ಮುಲಾ ಒನ್‌ನಲ್ಲಿ ಗಳಿಸಿದ್ದು ಒಂದೇ ಒಂದು ಅಂಕ ಎಂದು ಓದಿದೆ. ಅಂಥವರು 56ನೇ ವಯಸ್ಸಿನಲ್ಲಿ ಟೂರಿಂಗ್ ಕಾರುಗಳ (ಮಾರಾಟದ ಕಾರುಗಳಿಂದ ರೂಪಿಸಿದ ರೇಸ್ ಕಾರುಗಳ) ವಿಶ್ವಕಪ್ ಗೆದ್ದರೆಂದರೆ, ಅದು ಬೇರೆಲ್ಲೂ ಸಲ್ಲದವರು ಹೋಗಿ ಸೇರುವ ಸುಲಭದ ಕಣವೆಂದು ತಿಳಿಯಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ತಿಳಿಯಲಾಗದು. ಮೊದಲು ಆ ಒಂದು ಅಂಕದ ಹಿನ್ನೆಲೆಯನ್ನು ನೋಡೋಣ. ಅದು 1989ರ ಮೆಕ್ಸಿಕೊ ರೇಸ್‌ನಲ್ಲಿ ಫ್ರಾನ್ಸಿನ ಎಜಿಎಸ್ ಎಂಬ ಬಡ ತಂಡದ ಕಾರಿನಲ್ಲಿ ಆರನೆಯವರಾಗಿ ಬಂದಾಗ ಸಿಕ್ಕಿದ್ದು. ಆಗ ಕಾರುಗಳ ಸಂಖ್ಯೆ ಎಷ್ಟು ಹೆಚ್ಚಿತ್ತೆಂದರೆ, ದುರ್ಬಲ ತಂಡಗಳು ಶುಕ್ರವಾರ ಬೆಳಿಗ್ಗೆ ಒಂದು ಗಂಟೆಯ ಪೂರ್ವಭಾವಿ ಅರ್ಹತಾ ಸುತ್ತಿನಲ್ಲಿ ಸೆಣಸಬೇಕಿತ್ತು. ಅದರಲ್ಲಿ ಮೊದಲ ನಾಲ್ಕು ಸ್ಥಾನ ಸಿಗದವರು ಉಳಿದವರ ಅಭ್ಯಾಸ ಆರಂಭವಾಗುವ ಮೊದಲೇ ಗಂಟುಮೂಟೆ ಕಟ್ಟಬೇಕಿತ್ತು. ಟಾರ್ಕ್ವಿನಿಯವರಿಗೆ ಈ ಗತಿ 25 ಬಾರಿ ಬಂತು. ಇದು ಫಾರ್ಮುಲಾ ಒನ್‌ನ ದಾಖಲೆಯೇ ಹೌದು, ಆದರೆ ನನ್ನ ದೃಷ್ಟಿಯಲ್ಲಿ ಅದು ಅಳೆದದ್ದು ಕಾರನ್ನೇ ಹೊರತು ಚಾಲಕನನ್ನಲ್ಲ.

ಸರಿಯಾದ ಕಾರು ಕೈಗೆ ಬಂದಾಗ ಫಲವೂ ಬೇಗನೆ ಬಂತು. 1994ರಲ್ಲಿ ಆಲ್ಫಾ ರೋಮಿಯೊ 155 ಕಾರಿನಲ್ಲಿ ಬ್ರಿಟಿಷ್ ಟೂರಿಂಗ್ ಕಾರು ಚಾಂಪಿಯನ್‌ಶಿಪ್, 2003ರಲ್ಲಿ 156 ಕಾರಿನಲ್ಲಿ ಯುರೋಪಿಯನ್ ಟೂರಿಂಗ್ ಕಾರು ಚಾಂಪಿಯನ್‌ಶಿಪ್. 2009ರಲ್ಲಿ ಸಿಯಾಟ್ ತಂಡದ ಡೀಸೆಲ್ ಲಿಯೋನ್ ಕಾರಿನಲ್ಲಿ ತಮ್ಮದೇ ತಂಡದ ಇನ್ನೊಬ್ಬ ಚಾಲಕ ಇವಾನ್ ಮುಲ್ಲರ್ ಅವರನ್ನು ನಾಲ್ಕು ಅಂಕಗಳಿಂದ ಹಿಂದಿಕ್ಕಿ ವಿಶ್ವ ಚಾಂಪಿಯನ್ ಆದಾಗ ಅವರಿಗೆ 47 ವರ್ಷ.

ಇನ್ನು ಸುಲಭದ ಮಾತು. ಟೂರಿಂಗ್ ಕಾರುಗಳು ಶೋರೂಮಿನಲ್ಲಿ ಮಾರುವ ಕಾರುಗಳಿಂದಲೇ ರೂಪುಗೊಳ್ಳುವುದರಿಂದ, ಫಾರ್ಮುಲಾ ಒನ್ ಕಾರು ತಿರುವಿನಲ್ಲಿ ಚಾಲಕನ ಕತ್ತಿನ ಮೇಲೆ ಹೇರುವಷ್ಟು ಭಾರವನ್ನು ಇವು ಹೇರುವುದಿಲ್ಲ. ವಯಸ್ಸಾದವರಿಗೆ ಸಿಗುವ ರಿಯಾಯಿತಿ ಅಷ್ಟೇ. ಉಳಿದದ್ದೆಲ್ಲ ಕಷ್ಟವೇ. ಇವುಗಳಲ್ಲಿ ಬಹುಪಾಲು ಕಾರುಗಳಿಗೆ ಎಂಜಿನ್ನಿನ ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ಕಾರನ್ನು ಎಳೆಯುವುದು, ತಿರುಗಿಸುವುದು, ಬ್ರೇಕಿನ ಹೆಚ್ಚಿನ ಹೊರೆ ಹೊರುವುದು, ಈ ಮೂರೂ ಕೆಲಸ ಅದೇ ಎರಡು ಟೈರುಗಳ ಪಾಲಿಗೆ ಬರುತ್ತದೆ. ಮೊದಲ ಸುತ್ತುಗಳಲ್ಲಿ ಆವೇಶದಿಂದ ಓಡಿಸಿ ಅವನ್ನು ಸುಟ್ಟುಕೊಂಡ ಯುವಕನ ಕಾರು ಕೊನೆಯ ಸುತ್ತುಗಳಲ್ಲಿ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ನೇರಕ್ಕೇ ಜಾರತೊಡಗುತ್ತದೆ. ಅದರ ಮೇಲೆ, ಮುಂದಿರುವ ಕಾರುಗಳಿಗೆ ಮುಂದಿನ ರೇಸ್‌ಗೆ ಹೆಚ್ಚುವರಿ ತೂಕ ಕಟ್ಟುವ, ಒಂದು ರೇಸ್‌ನಲ್ಲಿ ಮೊದಲಿಗರನ್ನು ಹಿಂದಕ್ಕೆ ತಳ್ಳಿ ಗ್ರಿಡ್ಡನ್ನು (ಕಾರುಗಳು ಹೊರಡುವ ಸಾಲನ್ನು) ತಲೆಕೆಳಗು ಮಾಡುವ ನಿಯಮಗಳಿವೆ. ಆದ್ದರಿಂದ ಎಲ್ಲಿ ಗೆಲ್ಲಬೇಕು, ಎಲ್ಲಿ ಐದನೇ ಸ್ಥಾನಕ್ಕೆ ತೃಪ್ತಿಪಡಬೇಕು, ಬಂಪರ್ ತಾಗಿಸಿ ನುಗ್ಗುವವನಿಗೆ ಯಾವ ತಿರುವಿನಲ್ಲಿ ಜಾಗ ಬಿಡಬೇಕು ಎಂಬ ಲೆಕ್ಕ ಬಲ್ಲವನಿಗೆ ಇಲ್ಲಿ ಬೆಲೆಯಿದೆ. ಆ ಲೆಕ್ಕ ವರ್ಷಗಟ್ಟಲೆ ಪೆಟ್ಟು ತಿಂದೇ ಬರಬೇಕು.

ಇನ್ನೊಂದು ಕಾರಣವನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಕಾರು ತಯಾರಕರಿಗೆ ಬೇಕಾದದ್ದು ವೇಗದ ಚಾಲಕ ಮಾತ್ರವಲ್ಲ. ಹೊಸ ಕಾರಿನಲ್ಲಿ ಏನು ಸರಿಯಿಲ್ಲವೆಂದು ಎಂಜಿನಿಯರುಗಳಿಗೆ ಖಚಿತವಾಗಿ ಹೇಳಬಲ್ಲವರು ಕೂಡ. ಹ್ಯುಂಡೈ ತನ್ನ ಐ30 ಎನ್ ಟಿಸಿಆರ್ ಎಂಬ ಟೂರಿಂಗ್ ಕಾರನ್ನು ಅಭಿವೃದ್ಧಿಪಡಿಸುವ ಕೆಲಸವನ್ನು ಟಾರ್ಕ್ವಿನಿಯವರಿಗೆ ವಹಿಸಿತು. 2017ರಲ್ಲಿ ಚೀನಾದ ಝೆಜಿಯಾಂಗ್‌ನಲ್ಲಿ ಆ ಕಾರು ಮೊದಲ ಬಾರಿ ಕಣಕ್ಕಿಳಿದಾಗ ಅವರೇ ಗೆದ್ದರು. ಮರುವರ್ಷ ಮಕಾವ್‌ನ ಬೀದಿಗಳಲ್ಲಿ, ತಡೆಗೋಡೆಗಳ ನಡುವೆ ಮುಗಿದ ಸರಣಿಯಲ್ಲಿ ತಮಗಿಂತ ಏಳು ವರ್ಷ ಚಿಕ್ಕವರಾದ ಅದೇ ಮುಲ್ಲರ್ ಅವರನ್ನು ಮೂರು ಅಂಕಗಳಿಂದ ಸೋಲಿಸಿ ವಿಶ್ವಕಪ್ ಪಡೆದರು. ಮುಲ್ಲರ್ ಅವರೇನೂ ಸಾಮಾನ್ಯರಲ್ಲ. 2008, 2010, 2013ರಲ್ಲಿ ಟಾರ್ಕ್ವಿನಿಯವರನ್ನು ಎರಡನೇ ಸ್ಥಾನಕ್ಕೆ ನೂಕಿದವರು ಅವರೇ.

ನೀವು 'ವಿಶ್ವಕಪ್' ಎಂದು ಬರೆದಿರುವುದು ಸರಿಯಾಗಿದೆ. 2018ರ ಸರಣಿಗೆ ವಿಶ್ವ ಚಾಂಪಿಯನ್‌ಶಿಪ್ ಎಂಬ ದರ್ಜೆ ಇರಲಿಲ್ಲ. ಆದಕಾರಣ, 1957ರಲ್ಲಿ 46ನೇ ವಯಸ್ಸಿನಲ್ಲಿ ಫಾರ್ಮುಲಾ ಒನ್ ಪಟ್ಟ ಗೆದ್ದ ಅರ್ಜೆಂಟೀನಾದ ಚಾಲಕ ಫಾಂಜಿಯೊ ಅವರೊಡನೆ ಟಾರ್ಕ್ವಿನಿಯವರ ವಯಸ್ಸನ್ನು ಹೋಲಿಸುವಾಗ 2009ರ ಗೆಲುವನ್ನು ಮುಂದಿಡುವುದೇ ನ್ಯಾಯ.